ಬೋರ್ಡ್ ಬರೆಯುವ ಅಕ್ಕನ ಕಣ್ಣು

ನನ್ನ ಅಕ್ಕ ಅಂಗಡಿಗಳ ಬೋರ್ಡ್ ಬರೆಯುತ್ತಾಳೆ. ಗೆರೆ ಎಳೆದುಕೊಳ್ಳದೆಯೇ ಬಾಗಿಲಗಲದ ಅಕ್ಷರವನ್ನು ನೆಟ್ಟಗೆ ನಿಲ್ಲಿಸುವ ಕೈ ಅವಳದು. ಜೊತೆ ಕೆಲಸದವರು ಅವಳನ್ನು ಕರೆಯುವುದೇ 'ಹದ್ದು' ಎಂದು. ಆ ಹೆಸರು ಅವಳ ತಲೆಗೇರಿದೆ ಎಂಬುದು ನನ್ನ ಅಭಿಪ್ರಾಯ. ಅವಳೆದುರು ಹಾಗೆ ಹೇಳಿದರೆ ನನ್ನ ಮುಖಕ್ಕೂ ಬಣ್ಣ ಬೀಳುತ್ತದೆ.

ಈ ಹದ್ದಿಗೆ ಕನ್ನಡಕ. ಅದರ ನಂಬರು ವರ್ಷವರ್ಷವೂ ಏರುತ್ತಿತ್ತು. ಬೆವರಿಗೆ ಮೂಗಿನಿಂದ ಜಾರುವ ಅದನ್ನು ಅಕ್ಕ ಬಾಯಿಗೆ ಬಂದಂತೆ ಬೈಯುತ್ತಿದ್ದಳು. ಒಂದು ದಿನ ಅದು ಬಣ್ಣದ ಡಬ್ಬಿಗೇ ಬಿತ್ತು. ಹಿಡಿಯಲು ಬಗ್ಗಿ ಅವಳೂ ಏಣಿಯಿಂದ ಬೀಳುವುದರಲ್ಲಿದ್ದಳು. ಲೇಸರ್ ಮಾಡಿಸಿ ಕನ್ನಡಕಕ್ಕೆ ಎಳ್ಳುನೀರು ಬಿಡುತ್ತೇನೆ ಎಂದು ಅಂದೇ ಹಟ ಹಿಡಿದಳು.

"ಕಣ್ಣು ಕಣೇ ಅಕ್ಕ, ಹುಡುಗಾಟ ಅಲ್ಲ," ಎಂದೆ.

"ನಿಂಗೆ ಹೆದರಿಕೆ ಆದ್ರೆ ಹೊರಗೆ ಕೂತ್ಕೋ."

ಪರೀಕ್ಷೆಯ ದಿನ ಕಣ್ಣಾಸ್ಪತ್ರೆಯಲ್ಲಿ ಅವಳ ಕಾರ್ನಿಯಾದ, ಅಂದರೆ ಕಣ್ಣಿನ ಮುಂದಿರುವ ಪಾರದರ್ಶಕ ಪೊರೆಯ, ಚಿತ್ರ ತೆಗೆದರು. ಅದನ್ನು ನೋಡಿ ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದರು. ಏನೋ ಸಣ್ಣ ಅನುಮಾನ. ಗೋಡೆಯ ಮೇಲಿನ ಅಕ್ಷರ ಓದಿಸಿದರು. ಅಕ್ಕ ಕನ್ನಡಕ ಹಾಕಿಕೊಂಡು ಕೊನೆಯ ಸಾಲಿನವರೆಗೂ ನೀರು ಕುಡಿದಷ್ಟು ಸಲೀಸಾಗಿ ಓದಿಬಿಟ್ಟಳು. ಇಷ್ಟು ಚೆನ್ನಾಗಿ ಕಾಣುವ ಕಣ್ಣಿಗೆ ಏನಾಗಿರಲು ಸಾಧ್ಯ ಎಂದು ಅವರು ಲೇಸರ್‌ಗೆ ದಿನ ಗೊತ್ತುಮಾಡಿದರು.

ಆ ದಿನ ನಾನು ಗಾಜಿನ ಗೋಡೆಯ ಈಚೆ ಕುಳಿತಿದ್ದೆ. ಒಳಗಿನ ಮಾತು ಸ್ಪೀಕರಿನಲ್ಲಿ ಕೇಳುತ್ತಿತ್ತು. ಅಕ್ಕನ ರೆಪ್ಪೆಗಳನ್ನು ಕ್ಲಿಪ್ಪು ಹಾಕಿ ಅಗಲಿಸಿದ್ದರು. ಯಂತ್ರ ಅವಳ ಮುಖದ ಮೇಲಕ್ಕೆ ಸರಿದು ಬಂತು. ಕಣ್ಣು ಹೋದರೆ ಇವಳ ಬಳಿ ಉಳಿಯುವುದು ಏನು?

"ಮೇಲೆ ಕೆಂಪು ದೀಪ ಇದೆ. ಅದನ್ನೇ ನೋಡ್ತಾ ಇರಿ, ಅಲುಗಾಡಬೇಡಿ," ಎಂದರು ಡಾಕ್ಟರಮ್ಮ. ಅವರ ಕಾಲು ಲೇಸರ್ ಬಿಡುವ ಪೆಡಲಿನ ಮೇಲಿತ್ತು.

"ಯಾವುದನ್ನ ನೋಡ್ಲಿ?"

"ಇರೋದು ಒಂದೇ ಅಲ್ವಾ?"

"ಮೂರಿದೆಯಲ್ಲ ಡಾಕ್ಟ್ರೇ. ಒಂದಕ್ಕೆ ಬಾಲ ಬೇರೆ."

"ಕಣ್ಣು ಮರಗಟ್ಟಿಸೋ ಹನಿ ಹಾಕಿದ್ದಕ್ಕೆ ಹಾಗೆ ಕಾಣ್ತಿರಬಹುದು," ಎಂದಳು ನರ್ಸ್. ಡಾಕ್ಟರಮ್ಮ ಅಕ್ಕನತ್ತ ಬಗ್ಗಿದರು. ನಾನು ಎದ್ದು ಗಾಜಿಗೆ ಮುಖ ಒತ್ತಿದೆ.

"ಮೊದಲು ಯಾವತ್ತಾದ್ರೂ ಹೀಗೆ ಕಂಡಿತ್ತಾ?" ಎಂದು ಕೇಳಿದರು ಡಾಕ್ಟರಮ್ಮ.

"ಬೀದಿ ದೀಪ ಎಲ್ಲಾ ಹೀಗೇ ತಾನೇ ಇರೋದು?"

ಡಾಕ್ಟರಮ್ಮ ಪೆಡಲಿನಿಂದ ಕಾಲು ತೆಗೆದರು. "ಯಂತ್ರ ಆಫ್ ಮಾಡಿ," ಎಂದರು.

ಆಮೇಲೆ ಅವರ ಕೋಣೆಯಲ್ಲಿ ವಿಷಯ ಗೊತ್ತಾಯಿತು. ಅಕ್ಕನ ಕಾರ್ನಿಯಾ ತೆಳುವಾಗಿ ಮುಂದಕ್ಕೆ ಉಬ್ಬುತ್ತಿದೆ. ಒಂದು ದೀಪ ಮೂರಾಗಿ ಕಾಣುವುದು ಅದಕ್ಕೇ. ಲೇಸರ್ ಅದೇ ಪೊರೆಯನ್ನು ಇನ್ನಷ್ಟು ಸವೆಸುತ್ತದೆ. ಸವೆಸಿದ್ದರೆ ಉಬ್ಬು ಹೆಚ್ಚಿ, ಮುಂದೆ ಯಾವ ಕನ್ನಡಕಕ್ಕೂ ಬಗ್ಗದ ಕಣ್ಣಾಗಬಹುದಿತ್ತು.

"ಮತ್ತೆ ಆ ಸಣ್ಣ ಅಕ್ಷರ ಎಲ್ಲಾ ಹೇಗೆ ಓದಿದ್ರಿ?"

"ಮಸಿ ಮೆತ್ತಿದ ಹಾಗಿತ್ತು. ಆದ್ರೆ ಅಕ್ಷರದ ಹೊಟ್ಟೆ ಎಲ್ಲಿ, ಬಾಲ ಎಲ್ಲಿ ಅಂತ ಗೊತ್ತಾದ್ರೆ ಸಾಕಲ್ಲ ಡಾಕ್ಟ್ರೇ. ದಿನಾ ಬರೆಯೋದು ಅದನ್ನೇ. ತಪ್ಪೋದುಂಟೇ?"

ನನಗೆ ಮೈಯೆಲ್ಲ ಉರಿಯಿತು. ಕಣ್ಣಿನ ಪರೀಕ್ಷೆಯಲ್ಲೂ ಇವಳಿಗೆ ಜಾಣತನ ತೋರಿಸಬೇಕಿತ್ತೇ! ಬೈಯಲು ಬಾಯಿ ತೆರೆದವಳು ಅವಳ ಮುಖ ನೋಡಿ, ಅವಳ ಕನ್ನಡಕವನ್ನು ಒರೆಸಿ ಕೈಗಿಟ್ಟೆ.

"ನನ್ನದೂ ತಪ್ಪಿದೆ, ಆ ಚಿತ್ರವನ್ನೇ ನಂಬಬೇಕಿತ್ತು," ಎಂದರು ಡಾಕ್ಟರಮ್ಮ. "ಪೊರೆಯನ್ನ ಗಟ್ಟಿ ಮಾಡೋ ಚಿಕಿತ್ಸೆ ಇದೆ. ಇರೋ ದೃಷ್ಟಿ ಉಳಿಸಿಕೊಳ್ಳಬಹುದು. ಕನ್ನಡಕ ಮಾತ್ರ ಬಿಡೋಕಾಗಲ್ಲ. ಹನಿಯ ಮಬ್ಬು ಇಳಿದ ಮೇಲೆ ಇನ್ನೊಂದ್ಸಲ ಓದಿ. ಗೊತ್ತಿರೋದು ಬೇಡ, ಕಾಣೋದನ್ನ ಮಾತ್ರ ಹೇಳಿ."

ಅಕ್ಕ ಮತ್ತೆ ಗೋಡೆಯ ಮುಂದೆ ಕುಳಿತಳು. ಮೊದಲೆರಡು ಸಾಲು ಓದಿದಳು. ಮೂರನೆಯದರಲ್ಲಿ ತುಟಿ ಅಲುಗಿತು. ಉತ್ತರ ನಾಲಿಗೆಯ ತುದಿಗೆ ಬಂದಿದ್ದು ನನಗೇ ಕಾಣಿಸಿತು. ಅದನ್ನು ನುಂಗಿಕೊಂಡಳು.

"ಕಾಣಲ್ಲ," ಎಂದಳು.

"ಅದರ ಕೆಳಗಿನದು?"

"ಕಾಣಲ್ಲ."

ಆ ಮಾತನ್ನು ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಕತ್ತು ತಿರುಗಿಸದೆಯೇ ಅವಳು ಕೈ ಚಾಚಿ ನನ್ನನ್ನು ಹುಡುಕಿದಳು. ನಾನು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಆ ಕೈ ಹಿಡಿದೆ. ಕಾಣಲ್ಲ ಎನ್ನಬೇಕಾದ ಸಾಲುಗಳು ಕೆಳಗೆ ಇನ್ನೂ ಇದ್ದವು.