ಹಂಪಮ್ಮ ಹಾಕದೆ ಉಳಿದ ಮತ

ಬದುಕಿದ್ದ ಹೆಂಗಸೊಬ್ಬಳನ್ನು ಸತ್ತಳೆಂದು ಬರೆದವನು ನಾನು. ಯಾವ ಗುಮಾಸ್ತನೂ ಅಲ್ಲ, ಯಾವ ಕಂಪ್ಯೂಟರೂ ಅಲ್ಲ, ಆಕೆಯ ಮೈದುನ ಅಮರಪ್ಪನಂತೂ ಖಂಡಿತ ಅಲ್ಲ — ನಾನೇ. ಆಮೇಲೆ ಆರು ವರ್ಷ ಅದನ್ನು ಬಚ್ಚಿಟ್ಟೆ. ಬಚ್ಚಿಟ್ಟದ್ದಷ್ಟೇ ಆಗಿದ್ದರೆ... ಇಲ್ಲ, ಅದಕ್ಕಿಂತ ಕೆಟ್ಟದ್ದೂ ಇದೆ.

ಸಂತೆಕಲ್ಲೂರಿನ ಸಮೀಪದ ಒಂದು ಹಳ್ಳಿಯಲ್ಲಿ ನಾನು ಪ್ರಾಥಮಿಕ ಶಾಲೆಯ ಶಿಕ್ಷಕ. ಪಾಠದ ಜೊತೆಗೆ ನಮ್ಮ ಮತಗಟ್ಟೆಯ ಮತದಾರರ ಪಟ್ಟಿಯೂ ನನ್ನ ಹೆಗಲಿಗಿದೆ. ಹದಿನೆಂಟು ತುಂಬಿದವರನ್ನು ಸೇರಿಸಬೇಕು, ತೀರಿಕೊಂಡವರನ್ನು ತೆಗೆಯಬೇಕು, ಅದಕ್ಕಾಗಿ ಮನೆಮನೆ ತಿರುಗಬೇಕು. ಊರವರಿಗೆ ನಾನು ‘ಓಟರ್ ಲಿಸ್ಟ್ ಮಾಸ್ತರ’.

ನಮ್ಮ ಕಡೆ ಲೋಕಸಭೆಯ ಗಡಿ ಸ್ವಲ್ಪ ವಿಚಿತ್ರ. ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ರಾಯಚೂರು ಜಿಲ್ಲೆಯವೇ. ಆದರೆ ಸಿಂಧನೂರಿನವರೂ ಮಸ್ಕಿಯವರೂ ಕೊಪ್ಪಳದ ಎಂಪಿಯನ್ನು ಆರಿಸುತ್ತಾರೆ, ಲಿಂಗಸುಗೂರಿನವರು ರಾಯಚೂರಿನ ಎಂಪಿಯನ್ನು. ನಾನು ಸತ್ತಳೆಂದು ಬರೆದ ಹಂಪಮ್ಮ ಇರುವುದು ಮಸ್ಕಿ ಕ್ಷೇತ್ರದ ನಮ್ಮೂರಲ್ಲಿ, ಮಗಳನ್ನು ಕೊಟ್ಟಿರುವುದು ಲಿಂಗಸುಗೂರಿಗೆ. ತಾಯಿಗೊಬ್ಬ ಎಂಪಿ, ಮಗಳಿಗೊಬ್ಬ ಎಂಪಿ ಎಂದು ಆಕೆ ನಗುತ್ತಿದ್ದಳು.

ಮದುವೆಯಾಗಿ ಬಂದಾಗಿನಿಂದ ಆಕೆ ಒಂದು ಚುನಾವಣೆಯನ್ನೂ ಬಿಟ್ಟವಳಲ್ಲ. ಆದರೆ ಕಾಗದದ ಮೇಲೆ ಮುದ್ರೆ ಒತ್ತುವ ಕಾಲದಲ್ಲಿ ಗಂಡ ಹೇಳಿದ ಗುರುತಿಗೆ ಒತ್ತಿದಳು. ಗಂಡ ತೀರಿಕೊಂಡು ಮಷಿನ್ನು ಬಂದ ಮೇಲೆ ಅಮರಪ್ಪ ಹೇಳಿದ ಗುಂಡಿ ಒತ್ತಿದಳು. ನಮ್ಮಲ್ಲಿ ಮತ ಬೀಳುವುದೇ ಹಾಗೆ — ಆ ಮನೆಯವು ಏಳು, ಈ ಮನೆಯವು ಹನ್ನೊಂದು ಎಂದು. ಲೋಕಸಭೆ ಚುನಾವಣೆ ಹತ್ತಿರವಾದ ಆ ವರ್ಷ ಮಾತ್ರ, ಮಗಳ ಬಾಣಂತನಕ್ಕೆಂದು ಲಿಂಗಸುಗೂರಿಗೆ ಹೊರಡುವ ಮುಂಚೆ, ಹಂಪಮ್ಮ ಅಂಗಳದಲ್ಲಿ ಎಲ್ಲರೆದುರು ಮೈದುನನಿಗೆ ಹೇಳಿದ್ದಳಂತೆ:

“ಈ ಸಲ ನನ್ನ ಓಟು ನನ್ನದಪ. ಯಾರಿಗಂತ ನೀ ಹೇಳಬ್ಯಾಡ, ನಾನೂ ಹೇಳೂದಿಲ್ಲ.”

ಅಮರಪ್ಪ ಸಿಟ್ಟಿನಿಂದ ಎದ್ದು ಹೋಗಿದ್ದನಂತೆ. ಇದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ಅದೇ ಚಳಿಗಾಲ ಪಟ್ಟಿಯ ಪರಿಷ್ಕರಣೆ ನಡೆದಿತ್ತು. ಹಂಪಮ್ಮನ ಮನೆಗೆ ಬೀಗ ಕಂಡಿತು. ಪಕ್ಕದ ಅಮರಪ್ಪನ ಮನೆಯಲ್ಲಿ ಕೇಳಬಹುದಿತ್ತು — ಕೇಳಲಿಲ್ಲ. ಚಹಾದಂಗಡಿಯಲ್ಲಿ ಕೂತು ಅಲ್ಲಿದ್ದವರಲ್ಲಿ ಒಬ್ಬರನ್ನು ಕೇಳಿದೆ.

“ಹಂಪಮ್ಮನಾ? ಆಕಿ ಹೋದ್ಲಲ್ರೀ ಮಾಸ್ತರ, ತಿಂಗಳಾತು.”

ಹೋದಳು. ನಮ್ಮ ಮಾತಿನಲ್ಲಿ ಊರಿಗೆ ಹೋದರೂ ಹೋದಳು, ಲೋಕ ಬಿಟ್ಟರೂ ಹೋದಳು. ಎಲ್ಲಿಗೆ ಎಂಬ ಒಂದೇ ಪ್ರಶ್ನೆ ಸಾಕಿತ್ತು. ಕೈಯಲ್ಲಿ ಚಹಾದ ಲೋಟ ಇತ್ತು, ಇನ್ನೂ ನಲವತ್ತು ಮನೆ ಬಾಕಿ ಇದ್ದವು... ‘ಮೃತ’ ಎಂದು ಬರೆದೆ. ‘ಮನೆಗೆ ಭೇಟಿ ನೀಡಿ ಪರಿಶೀಲಿಸಿದ್ದೇನೆ’ ಎಂಬ ಸಾಲಿನ ಕೆಳಗೆ ರುಜು ಹಾಕಿದೆ.

ಮತದಾನದ ದಿನ ಶಾಲೆಯ ಅಂಗಳದಲ್ಲಿ ಮೇಜು ಹಾಕಿಕೊಂಡು ಚೀಟಿ ಹಂಚುತ್ತಿದ್ದೆ. ಹಂಪಮ್ಮ ಹೊಸ ಇಳಕಲ್ ಸೀರೆಯುಟ್ಟು, ಕಾರ್ಡು ಹಿಡಿದು ಬಂದಳು. ನಾನು ‘ಮೃತ’ ಎಂದು ಬರೆದಿದ್ದ ಹೆಂಗಸು. ಒಳಗೆ ಹೋದವಳು ಐದು ನಿಮಿಷಕ್ಕೆ ಹೊರಗೆ ಬಂದಳು. ಬೆರಳಿಗೆ ಮಸಿ ಇರಲಿಲ್ಲ.

“ಮಾಸ್ತರ, ನಾ ಸತ್ತೀನಂತರೀ. ಒಳಗ ಹಂಗಂತಾರ. ಯಾರು ಬರದಾರ್ರೀ ಇದನ್ನ?”

ಸರತಿಯಲ್ಲಿ ನಿಂತವರು ನಕ್ಕರು. ನಾನು ಪಟ್ಟಿಯ ಮೇಲೆ ಕಣ್ಣಿಟ್ಟುಕೊಂಡೇ ಹೇಳಿದೆ:

“ಯಾರೋ ಅರ್ಜಿ ಕೊಟ್ಟಿರಬೇಕಬೇ. ಮ್ಯಾಲಿಂದ ತಗದಾರ. ನನ್ನ ಕೈಯಾಗ ಏನೈತಿ?”

ಯಾರೋ ಅರ್ಜಿ ಕೊಟ್ಟಿರಬೇಕು — ಈ ಮೂರು ಪದ ನನ್ನ ಬಾಯಿಂದ ಯಾಕೆ ಬಂದವೋ. ಹಂಪಮ್ಮ ತಿರುಗಿ ನೋಡಿದಳು. ಅಂಗಳದ ಆಚೆ ಅಮರಪ್ಪ ನಿಂತಿದ್ದ. ಆಕೆ ಕಾರ್ಡನ್ನು ಸೆರಗಿಗೆ ಕಟ್ಟಿಕೊಂಡು ಹೋದಳು.

ಮುಂದಿನ ಪರಿಷ್ಕರಣೆಯಲ್ಲಿ ನಾನೇ ಅರ್ಜಿ ತುಂಬಿ, ಆಕೆಯ ಹೆಬ್ಬೆಟ್ಟು ಒತ್ತಿಸಿ, ಹೆಸರು ಮತ್ತೆ ಸೇರಿಸಿದೆ. ಹದಿನೆಂಟರ ಹುಡುಗಿಯರ ಜೊತೆ ತಾನೂ ಹೊಸ ಮತದಾರಳಾದೆನೆಂದು ಆಕೆ ಖುಷಿಪಟ್ಟಳು. ಹೊಸ ಕಾರ್ಡು ಬಂದ ದಿನ ಗೋದಿ-ಬೆಲ್ಲದ ಮಾದ್ಲಿ ಮಾಡಿ ಶಾಲೆಗೇ ತಂದುಕೊಟ್ಟಳು.

“ಮೈದುನ ಸಾಯಿಸಿದ್ದ, ನೀವು ಬದುಕಿಸಿದ್ರಿ,” ಎಂದಳು.

ಮೈದುನ ಅಲ್ಲ ಎಂದು ಆಗಲೇ ಹೇಳಬೇಕಿತ್ತು. ನಾನು ಮಾದ್ಲಿ ತಿಂದೆ. ರುಚಿಯಾಗಿತ್ತು — ಅದನ್ನೂ ಬರೆಯಬೇಕು. ಊರಲ್ಲಿ ನನ್ನ ಹೆಸರು ದೊಡ್ಡದಾಯಿತು. ಅತ್ತ ಒಂದೇ ಗೋಡೆಯ ಎರಡು ಬದಿಯ ಮನೆಗಳ ನಡುವೆ ಮಾತು ನಿಂತಿತು. ಅಮರಪ್ಪನ ಮಗಳು ರೇಣುಕಾಳನ್ನು ಎತ್ತಿ ಆಡಿಸಿದವಳು ಹಂಪಮ್ಮ. ಆ ಹುಡುಗಿಯ ಮದುವೆಯ ದಿನ ಆಕೆ ಬೆಳಿಗ್ಗೆಯೇ ಮಸ್ಕಿಯ ಬಸ್ಸು ಹತ್ತಿದ್ದನ್ನು ನಾನು ನೋಡಿದೆ. ಮದುವೆಯ ಊಟಕ್ಕೆ ನಾನು ಕೂತೆ, ದೊಡ್ಡವ್ವನ ಜಾಗ ಖಾಲಿ ಇತ್ತು. ಆಗಲೂ...

ಕಳೆದ ವರ್ಷ ಅಮರಪ್ಪ ನನ್ನ ಮನೆಗೆ ಬಂದ. ರೇಣುಕಾಳಿಗೆ ಮಗುವಾಗಿತ್ತು, ತೊಟ್ಟಿಲ ಕಾರ್ಯ ಇಟ್ಟುಕೊಂಡಿದ್ದ.

“ಮಾಸ್ತರ, ಅತ್ತಿಗಿ ನನ್ನ ಮ್ಯಾಲೆ ಯಾಕ ಮುನಿಸ್ಕೊಂಡಾಳ ಅಂತ ಇವತ್ತಿಗೂ ತಿಳಿದಿಲ್ಲರೀ ನನಗ. ನಿಮ್ಮ ಮಾತು ಕೇಳ್ತಾಳ. ನೀವರ ಕರದು ಬರ್ರಿ.”

ಅವನಿಗೆ ಕಾರಣವೇ ಗೊತ್ತಿರಲಿಲ್ಲ. ಆಕೆ ಹೇಳಿರಲಿಲ್ಲ, ಹೇಳಬೇಕಾದ ನಾನು ಅವನೆದುರೇ ಕೂತಿದ್ದೆ.

ಅದೇ ಮಧ್ಯಾಹ್ನ ಹಂಪಮ್ಮನ ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಬೀಗ, ಚಹಾದಂಗಡಿ, ರುಜು, ಶಾಲೆಯ ಅಂಗಳದಲ್ಲಿ ಹೇಳಿದ ಸುಳ್ಳು. ಆಕೆ ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಕೈಗೆ ಸಿಕ್ಕ ಕಲ್ಲೊಂದನ್ನು ಅಂಗಳಕ್ಕೆ ಎಸೆದು ಹೇಳಿದಳು:

“ಅವತ್ತ ಹೇಳಿದ್ದರ ನಾಕು ಬೈತಿದ್ದೆ, ಬಿಡ್ತಿದ್ದೆ. ಓಟು ಹೋದರ ಮತ್ತ ಬರತೈತ್ರೀ ಮಾಸ್ತರ. ರೇಣುಕನ ಮದಿವಿ ಎಲ್ಲಿಂದ ತರ್ತೀರಿ?”

 

ಆಕೆ ಮೊರವನ್ನು ಪಕ್ಕಕ್ಕಿಟ್ಟು ಎದ್ದಳು. “ನಡೀರಿ. ಈ ಮಾತು ಅವನ ಮುಂದೂ ಹೇಳ್ರಿ.”

ಗೋಡೆಯ ಆಚೆ ಬದಿಗೆ ಹೋಗಿ ಮತ್ತೊಮ್ಮೆ ಹೇಳಿದೆ. ಎರಡನೆಯ ಸಲ ಹೇಳುವುದು ಸುಲಭವಾಗಲಿಲ್ಲ. ಅಮರಪ್ಪ ನನ್ನನ್ನು ಬೈಯಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಅತ್ತಿಗೆಯ ಕಡೆ ತಿರುಗಿ, “ನಾ ಹಂಗ ಮಾಡಾಂವ ಅಂತ ತಿಳದಿದ್ದೇನು ನೀ?” ಎಂದ. ಹಂಪಮ್ಮ ಕಣ್ಣೊರೆಸಿಕೊಂಡು, “ಸಿಟ್ಟಿಲೆ ಎದ್ದು ಹೋಗಿದ್ದೆಲ್ಲೋ ಅವತ್ತ,” ಎಂದಳು. ಒಳಗಿಂದ ರೇಣುಕಾ ಮಗುವನ್ನು ತಂದು ದೊಡ್ಡವ್ವನ ತೊಡೆಯ ಮೇಲಿಟ್ಟಳು.

ಈಗ ಎರಡೂ ಮನೆಗಳ ಬಾಗಿಲು ತೆರೆದಿವೆ. ಹಂಪಮ್ಮ ನನ್ನನ್ನು ಮಾತಾಡಿಸುತ್ತಾಳೆ, ಚಹಾ ಕೊಡುತ್ತಾಳೆ. ಮಾದ್ಲಿ ಮತ್ತೆ ಬಂದಿಲ್ಲ, ಬರಬೇಕೆಂದೂ ಇಲ್ಲ. ಪರಿಷ್ಕರಣೆಗೆ ಹೋದಾಗ ಬೀಗ ಕಂಡರೆ ಮೂರು ಸಲ ಹೋಗುತ್ತೇನೆ. ಇದರಿಂದ ಏನೂ ತೀರುವುದಿಲ್ಲ, ಗೊತ್ತು. ಆದರೂ ಆ ಓಣಿಯಲ್ಲಿ ತಲೆಯೆತ್ತಿ ನಡೆಯಬಲ್ಲೆ — ಅಷ್ಟು ಸಮಾಧಾನ ಬಂದಿದೆ, ಸುಳ್ಳು ಹೇಳಲಾರೆ.

ತೊಟ್ಟಿಲ ದಿನ ಊಟ ಮುಗಿದ ಮೇಲೆ ಅಮರಪ್ಪ ನಗುತ್ತಾ ಕೇಳಿದ:

“ಆತು ಅತ್ತಿಗಿ, ಅವತ್ತ ಯಾರಿಗಿ ಹಾಕಾಕಿ ಇದ್ದಿ? ಈಗರ ಹೇಳು.”

“ಹೇಳೂದಿಲ್ಲ,” ಎಂದಳು ಹಂಪಮ್ಮ.

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಆ ಸಲ ದಿಲ್ಲಿಗೆ ಹೋದ ನಮ್ಮ ಎಂಪಿಯ ಲೆಕ್ಕದಲ್ಲೋ, ಸೋತವನ ಲೆಕ್ಕದಲ್ಲೋ ಸೇರಬೇಕಿದ್ದ ಒಂದು ಮತ ಸೇರಲೇ ಇಲ್ಲ. ಹೆಂಗಸೊಬ್ಬಳು ಮೊದಲ ಬಾರಿ ತಾನೇ ಯೋಚಿಸಿ ನಿರ್ಧರಿಸಿದ್ದ ಮತ ಅದು. ಅದು ಯಾರದಾಗಿತ್ತೆಂದು ನನಗೆ ಎಂದಿಗೂ ಗೊತ್ತಾಗುವುದಿಲ್ಲ. ಕೇಳುವ ಹಕ್ಕೂ ನನಗಿಲ್ಲ.