ಚೆಂಡು ಮುಗಿಯುವ ತನಕ ಉತ್ತರವಿಲ್ಲ

ನಮ್ಮ ಹೊಲಿಗೆ ಹಾಲ್‌ನಲ್ಲಿ ಪ್ರಶ್ನೆ ಅಕ್ಕನ ನಿಜವಾದ ಹೆಸರು ಸಂಬಳದ ದಿನ ಮಾತ್ರ ನೆನಪಾಗುತ್ತಿತ್ತು. ನಾನು ಅವಳ ಪಕ್ಕದ ಬೆಂಚಿನವಳು. ನಮ್ಮದು ಬೇಸ್‌ಬಾಲ್ ಚೆಂಡಿಗೆ ಚರ್ಮ ಹೊಲಿಯುವ ಕೆಲಸ. ಚೆಂಡನ್ನು ಇಕ್ಕಳದಲ್ಲಿ ಸಿಕ್ಕಿಸಿ, ಮೇಣ ಹಚ್ಚಿದ ಕೆಂಪು ದಾರದ ಎರಡೂ ತುದಿಗೆ ಸೂಜಿ ಪೋಣಿಸಿ, ಎರಡೂ ಕೈಯಿಂದ ಎಳೆದು ಎಳೆದು ನೂರೆಂಟು ಜೋಡಿ ಹೊಲಿಗೆ ಹಾಕಬೇಕು. ಎಳೆತ ಒಂದೇ ಸಮ ಇರಬೇಕು, ಒಂದು ಹೊಲಿಗೆ ಸಡಿಲವಾದರೂ ಚೆಂಡು ವಾಪಸ್. ಆ ಆಟವನ್ನು ಕಣ್ಣಾರೆ ನೋಡಿದವರು ನಮ್ಮಲ್ಲಿ ಒಬ್ಬರೂ ಇಲ್ಲ. ಆದರೆ ಒಂದೊಂದು ತಂಡದಲ್ಲಿ ಎಷ್ಟು ಜನ ಆಡುತ್ತಾರೆ ಎಂದು ಕೇಳಿ ನೋಡಿ, ಒಂಬತ್ತು ಎಂದು ಹಾಲ್‌ಗೆ ಹಾಲೇ ಹೇಳುತ್ತದೆ. ಅದು ಅಕ್ಕನ ಕೃಪೆ.

ಅವಳಿಗೆ ಪ್ರಶ್ನೆಯ ಹುಚ್ಚು. ಚರ್ಮದ ಕಟ್ಟಿನ ನಡುವೆ ಹಾಕಿ ಕಳಿಸುವ ಹಳೇ ಪತ್ರಿಕೆಗಳನ್ನು ಬಿಡಿಸಿ, ಇಸ್ತ್ರಿ ಮಾಡುವ ಹಾಗೆ ಕೈಯಲ್ಲಿ ಸವರಿ ಓದುವಳು. ಓದಿದ್ದನ್ನು ಗ್ರಂಥಾಲಯದಲ್ಲಿ ಇನ್ನೊಮ್ಮೆ ಖಾತ್ರಿ ಮಾಡಿಕೊಳ್ಳದೆ ಬಾಯಿ ಬಿಡುವವಳಲ್ಲ. ಬೆಳಿಗ್ಗೆ ಎಲ್ಲರೂ ಹೊಸ ಚೆಂಡು ಸಿಕ್ಕಿಸುತ್ತಿದ್ದಂತೆ ಶುರು.

“ವಿಡಿಯೋ ಗೇಮ್ ಮಾಡೋ ನಿಂಟೆಂಡೊ ಕಂಪನಿ ಮೊಟ್ಟಮೊದಲು ಏನು ಮಾರ್ತಿತ್ತು?”

ಇಸ್ಪೀಟೆಲೆ. ಆದರೆ ಹೇಳುವ ಹಾಗಿಲ್ಲ! ಕೈಯಲ್ಲಿರುವ ಚೆಂಡು ಮುಗಿದು ಕೊನೆಯ ಗಂಟು ಬೀಳುವ ತನಕ ಯಾರೂ ಪಿಟಿಕ್ಕೆನ್ನಬಾರದು, ಅದು ಅವಳ ಕಾನೂನು. ಅವಸರಪಟ್ಟು ಹೊಲಿಗೆ ಸಡಿಲ ಬಿಟ್ಟವರ ಉತ್ತರ ಸರಿಯಿದ್ದರೂ ತಪ್ಪೇ. ಗೊತ್ತಿದ್ದವರು ತುಟಿ ಬಿಗಿದು ಹೊಲಿಯುತ್ತಿದ್ದರು, ಗೊತ್ತಿಲ್ಲದವರು ತಲೆ ಕೆರೆದುಕೊಳ್ಳಲೂ ಕೈ ಬಿಡುವಿಲ್ಲದೆ ಯೋಚಿಸುತ್ತಿದ್ದರು. ಸಿನಿಮಾದಲ್ಲಿ ಸೆಕೆಂಡಿಗೆ ಎಷ್ಟು ಚಿತ್ರ ಓಡುತ್ತವೆ, ಹಿಂದಕ್ಕೂ ಹಾರಬಲ್ಲ ಹಕ್ಕಿ ಯಾವುದು, ಹೀಗೆ ದಿನ ಹೋದದ್ದೇ ತಿಳಿಯುತ್ತಿರಲಿಲ್ಲ. ಚರಿತ್ರೆಯಲ್ಲಿ ಒಂದು ಗಂಟೆಯೂ ನಡೆಯದ ಯುದ್ಧವೊಂದಿತ್ತು ಎಂದು ಅವಳು ತಿಳಿಸಿದ ದಿನ ನಾನು, “ನಮ್ಮನೇಲಿ ನಾನೂ ನಮ್ಮತ್ತೆನೂ ಶುರು ಮಾಡೋಕೇ ಅಷ್ಟು ಹೊತ್ತು ಬೇಕು” ಎಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು, ಅದೂ ಚೆಂಡು ಮುಗಿದ ಮೇಲೆ.

ಹೀಗಿರುವಾಗ ಅಕ್ಕನ ಸ್ವಂತ ತಂಗಿಯೇ ನಮಗೆ ಸೂಪರ್‌ವೈಸರ್ ಆಗಿ ಬಂದಳು. ತಾಯಿಯಿಲ್ಲದ ಆ ಹುಡುಗಿಯನ್ನು ಎತ್ತಿ ಆಡಿಸಿ ಓದಿಸಿದ್ದು ಅಕ್ಕನೇ. ತಂಗಿಯ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಬಂದ ದಿನವೇ ಅಕ್ಕನ ಪ್ರಶ್ನೆ ಕಿವಿಗೆ ಬಿದ್ದು ಮುಖ ಗಂಟು ಹಾಕಿಕೊಂಡಳು.

“ಇದೇನು ಕಾರ್ಖಾನೆನೋ ಸಂತೆನೋ? ಇವತ್ತಿಂದ ಪ್ರಶ್ನೆ-ಗಿಶ್ನೆ ಎಲ್ಲ ಬಂದ್.”

“ಆಯ್ತು ಮೇಡಂ” ಎಂದಳು ಅಕ್ಕ, ತಲೆ ಎತ್ತದೆ.

ನನಗೆ ಮೈಯೆಲ್ಲ ಉರಿದುಹೋಯಿತು. ಊಟದ ಹೊತ್ತಿಗೆ ಕೇಳಿಯೇಬಿಟ್ಟೆ. “ಮೂಗು ಒರೆಸಿ ಸಾಕಿದವಳು ನೀನು. ಎರಡು ಮಾತು ಹೇಳಬಾರದಾ?”

“ಹೇಳಿದ್ರೆ ಕೇಳ್ತಾಳೆ ಕಣೇ, ಅದೇ ಕಷ್ಟ. ಅಕ್ಕ ಕುಣಿಸಿದ ಹಾಗೆ ಕುಣೀತಾಳೆ ಅಂತ ನೀವೇ ಆಡ್ಕೋತೀರ. ಆಮೇಲೆ ಅವಳ ಮಾತಿಗೆ ಇಲ್ಲಿ ಮೂರು ಕಾಸಿನ ಬೆಲೆ ಇರಲ್ಲ.”

ಪ್ರಶ್ನೆ ನಿಂತಿತು, ಹರಟೆ ಶುರುವಾಯಿತು. ಯಾರ ಮಗಳು ಯಾರ ಜೊತೆ ಓಡಿಹೋದಳು, ಯಾರ ಗಂಡ ಎಲ್ಲಿ ಕುಡಿದು ಬಿದ್ದ, ಎಲ್ಲ ಪಿಸುಪಿಸು. ಪಿಸುಗುಟ್ಟಬೇಕಾದರೆ ಪಕ್ಕಕ್ಕೆ ವಾಲಬೇಕು, ವಾಲಿದರೆ ದಾರ ಸಡಿಲ. ಚೆಂಡುಗಳು ಬುಟ್ಟಿಗಟ್ಟಲೆ ವಾಪಸ್ ಬಂದವು. ಮ್ಯಾನೇಜರು ತಂಗಿಯನ್ನು ಕರೆಸಿ, ಮುಂದಿನ ಲೋಡೂ ಹೀಗೇ ಆದರೆ ನೀನು ಮನೆಗೆ ಹೋಗಬಹುದು ಎಂದರು. ಬಾಗಿಲು ತೆರೆದೇ ಇತ್ತು, ಎಲ್ಲರಿಗೂ ಕೇಳಿಸಿತು. ಅಕ್ಕನ ಕೈ ನಿಂತಿತು. ಅವಳು ಅರ್ಧ ಚೆಂಡಿನಲ್ಲಿ ಕೈ ನಿಲ್ಲಿಸಿದ್ದನ್ನು ನಾನು ಅಷ್ಟು ವರ್ಷದಲ್ಲಿ ನೋಡಿರಲಿಲ್ಲ.

ಇನ್ನೂ ಸುಮ್ಮನಿದ್ದರೆ ನಾನು ನಾನೇ ಅಲ್ಲ. ಸೀದಾ ಹೋಗಿ ತಂಗಿಯ ಮೇಜಿನ ಮುಂದೆ ನಿಂತೆ.

“ಮೇಡಂ, ಬೇಕಾದ್ರೆ ಬೈಯಿರಿ. ನಿಮ್ಮಕ್ಕ ನಮ್ಮನ್ನ ಮಾತಾಡಿಸ್ತಿರಲಿಲ್ಲ, ಬಾಯಿ ಮುಚ್ಚಿಸ್ತಿದ್ದಳು. ಚೆಂಡು ಮುಗಿಯೋ ತನಕ ಉತ್ತರ ಹೇಳೋ ಹಾಗಿರಲಿಲ್ಲ ನಮಗೆ. ನೀವು ಒಂದು ಚೆಂಡಿನಷ್ಟು ಹೊತ್ತೂ ನಿಂತು ನೋಡಲಿಲ್ಲ.”

“ಮತ್ತೆ ಅಕ್ಕ ಯಾಕೆ ಹೇಳಲಿಲ್ಲ?”

“ನಿಮ್ಮ ಮರ್ಯಾದೆ ಉಳೀಲಿ ಅಂತ.”

ಅವಳ ಮುಖ ಸಣ್ಣದಾಯಿತು. ಎದ್ದು ಹಾಲ್‌ನ ನಡುವೆ ಬಂದು ನಿಂತಳು. ಎಲ್ಲರಿಗೂ ಕೇಳಿಸುವ ಹಾಗೆ ಕೇಳಿದಳು, “ಅಕ್ಕಾ, ಆಕ್ಟೋಪಸ್‌ಗೆ ಎಷ್ಟು ಹೃದಯ?”

ಕಾರ್ಖಾನೆಯೊಳಗೆ ಅವಳು ಅಕ್ಕಾ ಎಂದದ್ದು ಅದೇ ಮೊದಲು. ನನ್ನ ಕಣ್ಣು ತುಂಬಿಬಂತು, ಏನು ಮಾಡಲಿ! ಅಕ್ಕ ತುಟಿ ಬಿಚ್ಚಲಿಲ್ಲ. ಅರ್ಧದಲ್ಲಿದ್ದ ಚೆಂಡನ್ನು ಪಕ್ಕಕ್ಕಿಟ್ಟು, ಹೊಸದನ್ನು ಸಿಕ್ಕಿಸಿ ಸೂಜಿ ಎತ್ತಿಕೊಂಡಳು. ನಾವೂ ಎತ್ತಿಕೊಂಡೆವು. ಪಿಸುಮಾತು ಪೂರಾ ನಿಂತಿತು, ದಾರ ಚರ್ಮದಲ್ಲಿ ಸರಿಯುವ ಸದ್ದು ಮಾತ್ರ. ತಂಗಿ ನಿಂತಲ್ಲಿಂದ ಕದಲದೆ ಒಂದೊಂದೇ ಬೆಂಚನ್ನು ನೋಡಿದಳು. ಆ ಲೋಡಿನಲ್ಲಿ ಒಂದು ಚೆಂಡೂ ವಾಪಸ್ ಬರಲಿಲ್ಲ, ಅವಳ ಕೆಲಸ ಖಾಯಂ ಆಯಿತು, ಅದೆಲ್ಲ ಆಮೇಲಿನ ಮಾತು.

ಅಕ್ಕ ಕೊನೆಯ ಗಂಟು ಹಾಕಿ ದಾರ ಕತ್ತರಿಸಿದಳು. ಚೆಂಡನ್ನು ಅಂಗೈಯಲ್ಲಿ ತಿರುಗಿಸಿ ನೋಡಿ ಕೆಳಗಿಟ್ಟಳು.

“ಮೂರು” ಎಂದಳು. “ನಿನಗಿರೋದು ಒಂದೇ. ಅದೂ ಹೆದರಿ ಎಷ್ಟು ಹೊಡ್ಕೋತಿದೆ ಅಂತ ಇಲ್ಲಿಗೇ ಕಾಣ್ತಿದೆ. ಬಾ ಇಲ್ಲಿ, ಕೂತ್ಕೋ ಮೊದಲು.”