ಪರೀಕ್ಷೆಯಾಗದ ಹನ್ನೆರಡು ವಾಲ್ವ್‌ಗಳು

ಉದ್ಯಮಬಾಗದ ಜಿನಪಾಲರ ಕಾರ್ಖಾನೆಯಿಂದ ಹೊರಬೀಳುವ ಪ್ರತಿ ವಾಲ್ವಿನ ಮೇಲೂ ಪ್ರಮಿಳಾಳ ಪಂಚ್, ಪರೀಕ್ಷೆಯಲ್ಲಿ ಪಾಸಾದ ಗುರುತು, ಇರುತ್ತಿತ್ತು. ನೀರು ತುಂಬಿ, ಒತ್ತಡ ಏರಿಸಿ, ಕಾಲು ಗಂಟೆ ಕಾದು, ಒಂದು ಹನಿಯೂ ಜಿನುಗದಿದ್ದರೆ ಮಾತ್ರ ಆಕೆ ಸುತ್ತಿಗೆ ಎತ್ತಿ ಆ ಗುರುತು ಹೊಡೆಯುತ್ತಿದ್ದಳು. ಅನಗೋಳದ ಮನೆಯಿಂದ ನಡೆದೇ ಬಂದು ಹದಿನೆಂಟು ವರ್ಷ ಆ ಕೆಲಸ ಮಾಡಿದ್ದಳು.

ವಾಲ್ವ್‌ಗಳು ಹೋಗುತ್ತಿದ್ದುದು ರಾಜಸ್ಥಾನಕ್ಕೆ, ಮರಳುಗಾಡಿನಲ್ಲಿ ಎಣ್ಣೆಬಾವಿ ಕೊರೆಯುವ ರಿಗ್‌ಗಳಿಗೆ. ಎಣ್ಣೆಯ ದರ ಬಿದ್ದಾಗ ರಿಗ್‌ಗಳು ನಿಂತವು. ಕಾರ್ಖಾನೆ ಎರಡು ವರ್ಷ ಅರ್ಧ ಪಾಳಿಯಲ್ಲಿ ಕುಂಟಿತು. ಆಗ ಕೆಲಸ ಕಳೆದುಕೊಂಡವರಲ್ಲಿ ಖಾನಾಪುರದ ಓಂಕಾರ ಒಬ್ಬ. ರಿಗ್‌ಗಳು ಮತ್ತೆ ಶುರುವಾದ ಕೂಡಲೇ ಅವನು ರಾಜಸ್ಥಾನಕ್ಕೇ ಹೋಗಿ ರಿಗ್ಗಿನಲ್ಲಿ ಫಿಟ್ಟರ್ ಆದ. ಶುರುವಾದದ್ದಾದರೂ ಹೇಗೆ? ಎಲ್ಲವೂ ಒಮ್ಮೆಲೇ! ಎಲ್ಲರಿಗೂ ವಾಲ್ವ್ ಇವತ್ತೇ ಬೇಕು, ಉಕ್ಕು ಮಾತ್ರ ಎಲ್ಲೂ ಇಲ್ಲ. ಇಪ್ಪತ್ತು ವಾಲ್ವಿನ ಉಕ್ಕು ಹದಿನೈದು ದಿನ ತಡವಾಗಿ ಬಂತು.

ಅವು ತಯಾರಾದ ದಿನ ಲಾರಿ ಗೇಟಿನಲ್ಲಿ ಹಾರ್ನ್ ಹೊಡೆಯುತ್ತಲೇ ಇತ್ತು. ಪ್ರಮಿಳಾ ಎಂಟು ವಾಲ್ವ್ ಪರೀಕ್ಷಿಸಿದಳು, ಎಂಟೂ ಗಟ್ಟಿ. ಉಳಿದ ಹನ್ನೆರಡಕ್ಕೆ ಹಾಗೆಯೇ ಪಂಚ್ ಹೊಡೆದುಬಿಟ್ಟಳು. ಹೊಡೆ ಎಂದು ಯಾರೂ ಹೇಳಿರಲಿಲ್ಲ.

ಮೂರು ವಾರದ ಮೇಲೆ ರಿಗ್ಗಿನಿಂದ ಫೋನು ಬಂತು. ಒಂದು ವಾಲ್ವ್ ಸೀಳಿ ಓಂಕಾರನ ಮುಂಗೈ ಮುರಿದಿತ್ತು.

“ನಮ್ಮ ಪ್ರಮಿಳಾನ ಪಂಚ್ ಐತ್ರೀ ಅದರ ಮ್ಯಾಲ! ಹದಿನೆಂಟು ವರ್ಷದಾಗ ಒಂದೂ ಕೆಟ್ಟಿಲ್ಲ. ನಿಮ್ಮ ಫಿಟ್ಟರನ ತಪ್ಪು ಅದು,” ಎಂದು ಜಿನಪಾಲರು ವಾದಿಸಿದರು.

ಪ್ರಮಿಳಾ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು; ಸೀಳಿದ ವಾಲ್ವಿನ ನಂಬರು ಆ ಹನ್ನೆರಡರಲ್ಲೊಂದಾಗಿತ್ತು. ತನ್ನ ಜಾಗಕ್ಕೆ ಮರಳಿದಳು. ಓಂಕಾರನನ್ನು ರಿಗ್ಗಿನವರು ಕೆಲಸದಿಂದ ತೆಗೆದು ಊರಿಗೆ ಕಳಿಸಿದರೆಂಬ ಸುದ್ದಿ ಬಂದಾಗಲೂ ಬಾಯಿ ಬಿಡಲಿಲ್ಲ.

ಫೋನು ಬಂದ ಒಂಬತ್ತನೆಯ ದಿನ ಖಾನಾಪುರದ ಬಸ್ಸು ಹತ್ತಿದಳು. ಓಂಕಾರನ ತಾಯಿ ಗಂಗಾದೇವಿ, “ಬರ್ರಿ ಪ್ರಮಿಳಕ್ಕಾರ, ಕುಂದರ್ರಿ,” ಎಂದು ಚಹಾ ಕೊಟ್ಟಳು. ಓಂಕಾರನ ಕೈ ಪ್ಲಾಸ್ಟರಿನಲ್ಲಿತ್ತು.

“ನಂದ ತಪ್ಪಿರಬೇಕ್ರಿ ಅಕ್ಕಾರ,” ಎಂದ ಅವನು. “ಬೋಲ್ಟ್ ಭಾಳ ಬಿಗದ್ನೋ ಏನೋ, ಎಷ್ಟ ನೆನಸಿದ್ರೂ ತಿಳಿವಲ್ದು. ನಿಮ್ಮ ಪಂಚ್ ನೋಡಿ ನಾನ ಎಲ್ಲಾರಿಗೂ ಹೇಳಿದ್ದೆ, ಇದು ನಮ್ಮ ಕಾರ್ಖಾನಿದು, ಅಂಜಬ್ಯಾಡ್ರಿ ಅಂತ.”

ಪ್ರಮಿಳಾ ಬಾಯಿಗಿಟ್ಟಿದ್ದ ಚಹಾ ಕೆಳಗಿಳಿಸಿದಳು.

“ನಿನ್ನ ತಪ್ಪಲ್ಲೋ ತಮ್ಮಾ. ಆ ವಾಲ್ವ್ ನಾ ಟೆಸ್ಟ್ ಮಾಡಿರಲಿಲ್ಲ. ಹಂಗ ಪಂಚ್ ಹೊಡದೆ.”

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಗಂಗಾದೇವಿ ಆಕೆಯ ಕೈಯಿಂದ ಅರ್ಧ ಕುಡಿದ ಚಹಾ ಇಸಿದುಕೊಂಡು ಒಳಗೆ ಹೋದಳು. ಓಂಕಾರ ಗೋಡೆ ನೋಡುತ್ತ, “ಒಂಬತ್ತು ದಿನಾ ನನಗ ಅನ್ನ ಸೇರಿಲ್ರಿ,” ಎಂದ, ಅಷ್ಟೇ.

ಮರುದಿನ ಜಿನಪಾಲರಿಗೂ ಹೇಳಿದಳು. ಅವರು ಕನ್ನಡಕ ತೆಗೆದಿಟ್ಟರು. “ಉಳದ ಹನ್ನೊಂದು ಎಲ್ಲೆಲ್ಲಿ ಅವ? ಮೊದಲ ಅದನ್ನ ಹೇಳು.”

ಹನ್ನೊಂದನ್ನೂ ವಾಪಸ್ ತರಿಸಿದರು. ಪರೀಕ್ಷೆಯಲ್ಲಿ ಮತ್ತೆರಡು ಸೋರಿದವು. ಹೊಸವು ತಲುಪುವವರೆಗೆ ಎರಡು ರಿಗ್ ನಿಂತವು. ತಪ್ಪು ತಮ್ಮದೇ ಎಂದು ಜಿನಪಾಲರು ಬರೆದುಕೊಟ್ಟ ಕಾಗದದಿಂದ ಓಂಕಾರನಿಗೆ ಕೆಲಸ ಮರಳಿ ಸಿಕ್ಕಿತು. ಪ್ರಮಿಳಾ ತಾನಾಗಿಯೇ ಕೇಳಿ ಪ್ಯಾಕಿಂಗ್ ಕೆಲಸಕ್ಕೆ ಹೋದಳು. ಬೇಡವೆಂದು ಜಿನಪಾಲರು ಹೇಳಲಿಲ್ಲ.

ಯುಗಾದಿಯ ದಿನ ಆಕೆ ಓಂಕಾರನಿಗೆ ಫೋನು ಮಾಡಿದಳು. “ಮುಂಗೈ ಪೂರ್ತಿ ತಿರಗವಲ್ದ್ರಿ. ಆದ್ರೂ ಕೆಲಸಕ್ಕ ಅಡ್ಡಿ ಇಲ್ಲ,” ಎಂದ. ಕ್ಷಮೆ ಕೇಳಲು ಆಕೆ ಮಾತು ಹುಡುಕುವಷ್ಟರಲ್ಲಿ ಅಲ್ಲಿ ಯಾರೋ ಅವನನ್ನು ಕೂಗಿ ಕರೆದರು; ಅವನು ಫೋನು ಇಟ್ಟುಬಿಟ್ಟ.